ವಿಜಯಪುರಕ್ಕೆ ವಿಮಾನ ಬರಲಿ, ನಾಲ್ಕನೇ ವರ್ಷ ದುಡ್ಡು ಕೊಡೋರು ಯಾರು?

ಪ್ರಶ್ನೆ: ನಮ್ಮದು ವಿಜಯಪುರ. ಊರ ಹೊರಗೆ ಬುರಣಾಪುರ–ಮದಭಾವಿ ಹತ್ತಿರದ ವಿಮಾನ ನಿಲ್ದಾಣ ಇಂದು ಶುರುವಾಗುತ್ತೆ, ನಾಳೆ ಶುರುವಾಗುತ್ತೆ ಅಂತ ಕೇಳುತ್ತಲೇ ಇದ್ದೇವೆ. ಸಣ್ಣ ಊರಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಸರ್ಕಾರ ದುಡ್ಡು ಕೊಡುತ್ತದೆ, 2,500 ರೂಪಾಯಿಗೆ ಬೆಂಗಳೂರು ಮುಟ್ಟಬಹುದು ಅಂತಾರೆ. ಆದರೆ ಬೆಳಗಾವಿಯಲ್ಲಿರುವ ನನ್ನ ತಂಗಿ, ಅಲ್ಲಿ ಮೊದಲಿದ್ದ ಎಷ್ಟೋ ವಿಮಾನಗಳು ಈಗ ಇಲ್ಲ ಅನ್ನುತ್ತಾಳೆ. ಈ ದುಡ್ಡು ಯಾರದು? ಯಾರಿಗೆ ಹೋಗುತ್ತದೆ? ಯಾಕೆ ನಿಲ್ಲುತ್ತದೆ? ಬಾಗಲಕೋಟೆಯ ನೆಂಟರು ತಮಗೂ ಒಂದು ನಿಲ್ದಾಣ ಬೇಕು ಅಂತಿದ್ದಾರೆ, ಅದು ಆಗುವ ಮಾತಾ? ಕೊನೆಯದಾಗಿ, ನಿಲ್ದಾಣದ ರಸ್ತೆಯಲ್ಲಿ ನಂದೊಂದು ಜಾಗ ಇದೆ. ಲಾಡ್ಜ್ ಕಟ್ಟಬಹುದಾ?

ಉತ್ತರ: ನಿಮ್ಮ ತಂಗಿ ಹೇಳಿದ್ದು ನಿಜ. ನಿಮ್ಮ ಬೇರೆಲ್ಲ ಪ್ರಶ್ನೆಗಳಿಗೆ ಉತ್ತರವೂ ಅವರ ಮಾತಿನಲ್ಲೇ ಇದೆ. ಅಲ್ಲಿಗೆ ಬರುವ ಮೊದಲು ದುಡ್ಡಿನ ದಾರಿ ಸ್ವಲ್ಪ ನೋಡೋಣ.

‘ವಿಮಾನ ನಿಲ್ದಾಣಕ್ಕೆ ಸರ್ಕಾರದ ನೆರವು’ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಮೂರು ಬೇರೆ ಬೇರೆ ಖರ್ಚುಗಳಿವೆ. ನಿಲ್ದಾಣ ಕಟ್ಟುವ ಖರ್ಚು ಒಂದು. ಕಟ್ಟಿದ ಮೇಲೆ ಅದನ್ನು ದಿನಾ ನಡೆಸುವ ಖರ್ಚು ಇನ್ನೊಂದು. ಅಲ್ಲಿಂದ ಹಾರುವ ವಿಮಾನಕ್ಕೆ ಆಗುವ ನಷ್ಟ ತುಂಬುವ ಖರ್ಚು ಮತ್ತೊಂದು. ಕಟ್ಟಲು ದುಡ್ಡು ಸಿಗುವುದು ಸುಲಭ, ಯಾಕಂದರೆ ಅದಕ್ಕೆ ಶಂಕುಸ್ಥಾಪನೆ ಇರುತ್ತದೆ, ಉದ್ಘಾಟನೆ ಇರುತ್ತದೆ. ಉಳಿದ ಎರಡಕ್ಕೆ ಅದೇನೂ ಇಲ್ಲ. ಬಾವಿ ತೋಡಲು ಸಾಲ ಸಿಗುತ್ತದೆ, ಪಂಪಿನ ಕರೆಂಟ್ ಬಿಲ್ಲಿಗೆ ಯಾರು ಸಾಲ ಕೊಡುತ್ತಾರೆ ಹೇಳಿ.

ವಿಜಯಪುರದ ನಿಲ್ದಾಣವನ್ನು ಕಟ್ಟಿಸಿದ್ದು ರಾಜ್ಯ ಸರ್ಕಾರ. ಮೊದಲು ಖಾಸಗಿಯವರ ಮೂಲಕ ಕಟ್ಟಿಸುವ ಪ್ರಯತ್ನ ನಡೆದು ಬಿದ್ದುಹೋಗಿತ್ತು. ಆಮೇಲೆ 2021ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಕೆಲಸಕ್ಕೆ ಚಾಲನೆ ಕೊಟ್ಟರು. ಆಗ ಇದ್ದದ್ದು ಎಟಿಆರ್‌-72 ಥರದ ಸಣ್ಣ ವಿಮಾನ ಇಳಿಯುವ ನಿಲ್ದಾಣದ ಲೆಕ್ಕ. ನಂತರ ಏರ್‌ಬಸ್‌-320 ಕೂಡ ಇಳಿಯಲಿ ಅಂತ ನಕ್ಷೆ ಬದಲಾಯಿತು. ದೊಡ್ಡ ವಿಮಾನ ಅಂದರೆ ರನ್‌ವೇ ಒಂದೇ ಉದ್ದವಾದರೆ ಸಾಲದು. ಅಗ್ನಿಶಾಮಕ ವಾಹನ ಜಾಸ್ತಿ ಬೇಕು, ಅದಕ್ಕೆ ಸಿಬ್ಬಂದಿ ಜಾಸ್ತಿ ಬೇಕು, ಟರ್ಮಿನಲ್ ದೊಡ್ಡದಾಗಬೇಕು. ಕಟ್ಟುವ ಖರ್ಚು ಒಮ್ಮೆ ಏರಿ ನಿಲ್ಲುತ್ತದೆ. ನಡೆಸುವ ಖರ್ಚು ಏರಿದರೆ ಪ್ರತಿ ತಿಂಗಳೂ ಏರಿದ ಹಾಗೆಯೇ. ನಮ್ಮಲ್ಲಿ ‘ಏರ್‌ಬಸ್ ಇಳಿಯುತ್ತೆ’ ಅನ್ನುವುದನ್ನು ಹೆಮ್ಮೆಯಿಂದ ಹೇಳುತ್ತಾರೆ. ಏರ್‌ಬಸ್ ತರುವವರು ಯಾರು ಅಂತ ಕೇಳಿದವರು ಕಡಿಮೆ.

ತಡವಾಗುತ್ತಿರುವುದಕ್ಕೆ ಮುಖ್ಯ ಕಾರಣ ಪರಿಸರ ಅನುಮತಿ. ಅದನ್ನು ಕೆಲಸ ಶುರುಮಾಡುವ ಮೊದಲೇ ಪಡೆಯಬೇಕು ಅಂತ ನಿಯಮ. ಇಲ್ಲಿ ಕೆಲಸ ಮೊದಲು ನಡೆಯಿತು, ಅರ್ಜಿ ಆಮೇಲೆ ಹೋಯಿತು. ಅಷ್ಟರಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹೀಗೆ ಹಿಂದಿನಿಂದ ಅನುಮತಿ ಕೊಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನವೆಂಬರ್‌ನಲ್ಲಿ ಅದೇ ಕೋರ್ಟ್ ಆ ತೀರ್ಪನ್ನು ವಾಪಸ್ ಪಡೆಯಿತು. ಕೋಟಿಗಟ್ಟಲೆ ಖರ್ಚಾಗಿ ನಿಂತ ಕಟ್ಟಡಗಳ ಪ್ರಶ್ನೆ ದೇಶದ ಬೇರೆ ಕಡೆಯೂ ಇತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ‘ಇನ್ನೇನು ಶುರು’ ಅನ್ನುವ ಮಾತನ್ನು ಕಾಗದ ನೋಡಿಯೇ ನಂಬಿ. ಪರಿಸರ ಅನುಮತಿ ಆದ ಮೇಲೂ ವಿಮಾನಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಅದು ಸಿಕ್ಕಿದ ಮೇಲಷ್ಟೇ ಟಿಕೆಟ್ ವಿಷಯ.

ಈಗ ಉಡಾನ್‌ಗೆ ಬರೋಣ. ಯೋಜನೆ ಬಂದದ್ದು 2016ರ ಅಕ್ಟೋಬರ್‌ನಲ್ಲಿ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಜನರ ನೆನಪಿನಲ್ಲಿ ಉಳಿದದ್ದು 2,500 ರೂಪಾಯಿ. ಅದರ ಅರ್ಥ ಇಷ್ಟು: ಸುಮಾರು ಒಂದು ಗಂಟೆಯ, ಐನೂರು ಕಿಲೋಮೀಟರ್ ಆಸುಪಾಸಿನ ಹಾರಾಟಕ್ಕೆ, ವಿಮಾನದ ಅರ್ಧದಷ್ಟು ಸೀಟುಗಳಿಗೆ ಮಾತ್ರ ದರದ ಮಿತಿ. ಆ ಮಿತಿ ಶುರುವಿನಲ್ಲಿ 2,500 ಇತ್ತು, ಬೆಲೆ ಏರಿದ ಹಾಗೆ ಅದನ್ನೂ ಬದಲಿಸಲು ಅವಕಾಶ ಇಟ್ಟಿದ್ದರು. ಉಳಿದರ್ಧ ಸೀಟಿಗೆ ಕಂಪನಿ ತನಗೆ ಬೇಕಾದ ದರ ಹಾಕಬಹುದು. ದೀಪಾವಳಿ ಹಿಂದಿನ ದಿನ ಬುಕ್ ಮಾಡಿ ‘2,500 ಅಂದಿದ್ರಲ್ಲ, ಎಲ್ಲಿ?’ ಅಂತ ಕೇಳಿದರೆ, ಆ ಸೀಟುಗಳು ಯಾವಾಗಲೋ ಮುಗಿದಿರುತ್ತವೆ.

ಅರ್ಧ ಸೀಟಿನ ದರ ಕಟ್ಟಿಹಾಕಿದರೆ ಕಂಪನಿಗೆ ನಷ್ಟ ಅಲ್ವಾ? ಆ ಕೊರತೆ ತುಂಬಲು ಕೊಡುವ ಹಣಕ್ಕೆ ವಿಜಿಎಫ್ ಅನ್ನುತ್ತಾರೆ. ಇದನ್ನು ಹಂಚುವುದು ಟೆಂಡರ್ ಥರ: ಒಂದು ಮಾರ್ಗಕ್ಕೆ ಯಾರು ಅತಿ ಕಡಿಮೆ ನೆರವು ಸಾಕು ಅನ್ನುತ್ತಾರೋ ಅವರಿಗೆ ಮಾರ್ಗ. ಗೆದ್ದವರಿಗೆ ಮೂರು ವರ್ಷ ಈ ಹಣ, ಜೊತೆಗೆ ಆ ಮಾರ್ಗದಲ್ಲಿ ಮೂರು ವರ್ಷ ಅವರದ್ದೇ ಏಕಾಧಿಕಾರ. ಗಮನಿಸಿ, ದುಡ್ಡು ಹೋಗುವುದು ಏರ್‌ಲೈನ್‌ಗೆ. ನಿಲ್ದಾಣಕ್ಕೂ ಅಲ್ಲ, ಊರಿಗೂ ಅಲ್ಲ. ಕಂಪನಿ ಬಾಗಿಲು ಹಾಕಿದರೆ ನೆರವೂ ಅದರ ಜೊತೆಗೇ ಹೋಯಿತು.

ಈ ಹಣ ನೇರವಾಗಿ ಬೊಕ್ಕಸದಿಂದ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಬಹುಪಾಲು ಹಾಗಲ್ಲ. ದೆಹಲಿ–ಮುಂಬೈ, ಬೆಂಗಳೂರು–ದೆಹಲಿಯಂಥ ದೊಡ್ಡ ಮಾರ್ಗಗಳಲ್ಲಿ ಹಾರುವ ಪ್ರತಿ ವಿಮಾನದ ಮೇಲೆ ಕೇಂದ್ರ ಒಂದು ಶುಲ್ಕ ಹಾಕುತ್ತದೆ. ಅದು ಒಂದು ನಿಧಿಗೆ ಸೇರಿ, ಅಲ್ಲಿಂದ ಸಣ್ಣ ಊರಿನ ಮಾರ್ಗಗಳಿಗೆ ಹೋಗುತ್ತದೆ. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ಸಾಫ್ಟ್‌ವೇರ್ ಹುಡುಗ ತನಗೆ ಗೊತ್ತಿಲ್ಲದೆಯೇ ಬೆಳಗಾವಿಯ ಟಿಕೆಟ್ಟಿಗೆ ಒಂದಿಷ್ಟು ಸೇರಿಸುತ್ತಿದ್ದಾನೆ. ಶುರುವಿನಲ್ಲಿ ಏರ್‌ಲೈನ್‌ಗಳು ಈ ಶುಲ್ಕದ ವಿರುದ್ಧ ಕೋರ್ಟಿಗೂ ಹೋಗಿದ್ದವು.

ರಾಜ್ಯದ ಪಾಲು ಈ ಹಣದಲ್ಲಿ ಶೇಕಡ 20. ಈಶಾನ್ಯ ರಾಜ್ಯಗಳಿಗೆ ಶೇಕಡ 10 ಮಾತ್ರ. ಇದು ಎಷ್ಟಾಗುತ್ತದೆ ಅಂತ ಒಂದು ಅಂದಾಜು ಲೆಕ್ಕ ಹಾಕೋಣ. 72 ಸೀಟಿನ ವಿಮಾನ, ಅದರಲ್ಲಿ 36 ಸೀಟಿಗೆ ನೆರವು. ಒಂದು ಸೀಟಿಗೆ 2,000 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಬದಿಯ ಹಾರಾಟಕ್ಕೆ 72,000. ಹೋಗಿ ಬರಲು 1.44 ಲಕ್ಷ. ವರ್ಷವಿಡೀ ದಿನಾ ಹಾರಿದರೆ 5 ಕೋಟಿ 25 ಲಕ್ಷದ ಹತ್ತಿರ. ರಾಜ್ಯ ಕೊಡಬೇಕಾದದ್ದು ಒಂದು ಕೋಟಿ ಚಿಲ್ಲರೆ. ನೂರಾರು ಕೋಟಿಯ ನಿಲ್ದಾಣದ ಎದುರು ಇದೊಂದು ದೊಡ್ಡ ಮೊತ್ತವೇ ಅಲ್ಲ.

ನನ್ನನ್ನು ಕೇಳಿದರೆ, ಈ ನಗದಿಗಿಂತ ರಾಜ್ಯ ಬಿಟ್ಟುಕೊಡುವ ಬೇರೆ ಸಂಗತಿಗಳ ತೂಕ ಜಾಸ್ತಿ. ಉಡಾನ್ ನಿಲ್ದಾಣದಲ್ಲಿ ತುಂಬಿಸುವ ವಿಮಾನ ಇಂಧನದ ಮೇಲೆ ರಾಜ್ಯದ ತೆರಿಗೆ ಹತ್ತು ವರ್ಷ ಶೇಕಡ 1ಕ್ಕೆ ಇಳಿಯಬೇಕು. ಏರ್‌ಲೈನ್ ಒಂದರ ಖರ್ಚಿನಲ್ಲಿ ಇಂಧನವೇ ಶೇಕಡ 40ರ ಹತ್ತಿರ ಇರುವಾಗ ಇದು ಸಣ್ಣ ಮಾತಲ್ಲ. ಪೊಲೀಸ್ ಭದ್ರತೆ, ಅಗ್ನಿಶಾಮಕ ಸೇವೆ ರಾಜ್ಯದ ಲೆಕ್ಕದಲ್ಲಿ ಪುಕ್ಕಟೆ. ನೀರು, ಕರೆಂಟು ರಿಯಾಯಿತಿ ದರದಲ್ಲಿ. ಕೇಂದ್ರ ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರವೂ ತನ್ನ ನಿಲ್ದಾಣಗಳಲ್ಲಿ ಉಡಾನ್ ವಿಮಾನಗಳಿಂದ ಇಳಿಯುವ ಶುಲ್ಕ, ನಿಲ್ಲುವ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇದರಲ್ಲೇ ಒಂದು ಇಕ್ಕಟ್ಟೂ ಇದೆ. ವಿಮಾನದಿಂದ ನಿಲ್ದಾಣಕ್ಕೆ ಬರಬೇಕಾದ ಆದಾಯವನ್ನೇ ನಾವು ಮನ್ನಾ ಮಾಡಿದೆವು. ಹಾಗಾದರೆ ನಿಲ್ದಾಣ ನಡೆಯುವುದು ಹೇಗೆ? ಬೆಳಗಾವಿಯ ಸಾಂಬ್ರಾ ನಿಲ್ದಾಣ ಪ್ರಾಧಿಕಾರದ್ದು. ದೊಡ್ಡ ನಿಲ್ದಾಣಗಳಲ್ಲಿ ಗಳಿಸಿದ್ದನ್ನು ಪ್ರಾಧಿಕಾರ ಇಂಥ ಕಡೆ ಖರ್ಚು ಮಾಡುತ್ತದೆ. ಅದಕ್ಕೊಂದು ದೊಡ್ಡ ಮನೆಯ ಆಸರೆ ಇದೆ. ರಾಜ್ಯವೇ ಕಟ್ಟಿ ರಾಜ್ಯವೇ ನಡೆಸುವ ನಿಲ್ದಾಣಕ್ಕೆ ಆ ಆಸರೆ ಇಲ್ಲ. ಇದಕ್ಕೆ ಶಿವಮೊಗ್ಗ ನೋಡಿ. 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದರು, ಮೊದಲ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ನಡೆಸುವ ಹೊಣೆ ರಾಜ್ಯ ಸರ್ಕಾರದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮದ್ದು. ಕರೆಂಟು, ಸಂಬಳ, ಲೈಸೆನ್ಸ್ ನವೀಕರಣ ಎಲ್ಲ ಅವರ ತಲೆ ಮೇಲೆ. ವಿಜಯಪುರವೂ ಅದೇ ದಾರಿ ಹಿಡಿಯಬೇಕಾದರೆ, ಪ್ರತಿ ವರ್ಷದ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇದೆಯೋ ಇಲ್ಲವೋ ಅನ್ನುವುದು ರನ್‌ವೇ ಉದ್ದಕ್ಕಿಂತ ಮುಖ್ಯ.

ಇನ್ನು ನಿಮ್ಮ ತಂಗಿಯ ಊರಿನ ಕಥೆ. ಸಾಂಬ್ರಾ ಹೊಸ ನಿಲ್ದಾಣವೇನಲ್ಲ, 1942ರಲ್ಲಿ ಯುದ್ಧಕಾಲದಲ್ಲಿ ಬ್ರಿಟಿಷರು ಕಟ್ಟಿದ್ದು. ವಾಯುಪಡೆಯ ತರಬೇತಿ ಕೇಂದ್ರ ಪಕ್ಕದಲ್ಲೇ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. ಮರುವರ್ಷವೇ ಅಲ್ಲಿಂದ ಹಾರುತ್ತಿದ್ದ ವಿಮಾನಗಳು ಹುಬ್ಬಳ್ಳಿಗೆ ಜಾಗ ಬದಲಿಸಿದವು. ಹುಬ್ಬಳ್ಳಿ ಉಡಾನ್ ಪಟ್ಟಿಯಲ್ಲಿತ್ತು, ಬೆಳಗಾವಿ ಇರಲಿಲ್ಲ. ನೂರು ಕಿಲೋಮೀಟರ್ ಆಚೆ ನೆರವು ಸಿಗುವಾಗ ಕಂಪನಿ ಇಲ್ಲೇ ಯಾಕೆ ಉಳಿಯಬೇಕು? ಬೆಳಗಾವಿಯವರು ಗಲಾಟೆ ಮಾಡಿದರು, ಮಾಡಿದ್ದು ಸರಿಯೇ. 2019ರಲ್ಲಿ ಉಡಾನ್ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಮಾರ್ಗಗಳು ಸಿಕ್ಕವು. ಹೈದರಾಬಾದ್, ಮುಂಬೈ, ಪುಣೆ, ಸೂರತ್, ಇಂದೋರ್, ತಿರುಪತಿ, ಮೈಸೂರು, ಕಡಪ, ನಾಗಪುರ, ನಾಸಿಕ್, ಜೋಧಪುರ... ಪಟ್ಟಿ ನೋಡಿದರೆ ಖುಷಿಯಾಗುತ್ತಿತ್ತು. ಕೋವಿಡ್ ಸಮಯದಲ್ಲೂ ಸಾಂಬ್ರಾ ಸಾಕಷ್ಟು ಗಿಜಿಗುಡುತ್ತಿತ್ತು.

ಆಮೇಲೆ ಮೂರು ವರ್ಷ ಮುಗಿಯಿತು. ನೆರವು ನಿಂತ ಮಾರ್ಗಗಳು ಒಂದೊಂದಾಗಿ ಕಳಚಿದವು. ಇನ್ನೊಂದು ಕಡೆ, ಹೈದರಾಬಾದ್ ಮೂಲದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಹಾರಾಟವನ್ನೇ ನಿಲ್ಲಿಸಿತು. ಅದರ ಜೊತೆ ತಿರುಪತಿ, ಮೈಸೂರು, ಕಡಪದ ಕೊಂಡಿಯೂ ಹೋಯಿತು. ಉಳಿದದ್ದು ಯಾವುವು ಅಂತ ನೋಡಿದರೆ ವಿಷಯ ತಿಳಿಯುತ್ತದೆ. ನೆರವು ಇರಲಿ ಬಿಡಲಿ, ವ್ಯಾಪಾರಿ, ಆಸ್ಪತ್ರೆ, ಸೈನ್ಯ, ಫೌಂಡ್ರಿ, ಕಾಲೇಜು ಅಂತ ದಿನಾ ಓಡಾಡುವ ಜನ ಇದ್ದ ಕಡೆಗೆ ವಿಮಾನ ಉಳಿಯಿತು. ಬೆಳಗಾವಿಗೆ ಈ ಜನ ಇದ್ದಾರೆ. ಅದಕ್ಕೇ 2024ರ ಮಾರ್ಚ್‌ನಲ್ಲಿ ಮತ್ತೊಂದು ದೊಡ್ಡ ಟರ್ಮಿನಲ್‌ಗೆ ಶಂಕುಸ್ಥಾಪನೆಯೂ ಆಯಿತು. ಆದರೂ ಒಂದು ಅನುಮಾನ ನನಗಿದೆ. ಬೆಳಗಾವಿಯ ಸುತ್ತ ಹುಬ್ಬಳ್ಳಿ, ಕೊಲ್ಹಾಪುರ, ಗೋವಾದ ಎರಡು ನಿಲ್ದಾಣಗಳು, ಎಲ್ಲ ಎರಡು ಮೂರು ಗಂಟೆಯ ದಾರಿ. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ಟರ್ಮಿನಲ್ ದೊಡ್ಡದಾದ ಮಾತ್ರಕ್ಕೆ ವಿಮಾನ ಬರುವುದಿಲ್ಲ.

ಬೆಳಗಾವಿ ಒಂದೇ ಹೀಗೆ ಅಂದುಕೊಳ್ಳಬೇಡಿ. 2023ರಲ್ಲಿ ಮಹಾಲೇಖಪಾಲರು, ಅಂದರೆ ಸಿಎಜಿ, ಉಡಾನ್ ಲೆಕ್ಕ ತೆಗೆದರು. ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ ಶುರುವಾದದ್ದು 371. ಮೂರು ವರ್ಷ ಪೂರ್ತಿ ನಡೆದದ್ದು 112. ನೆರವು ನಿಂತ ಮೇಲೂ 2023ರ ಮಾರ್ಚ್ ಹೊತ್ತಿಗೆ ಹಾರುತ್ತಿದ್ದದ್ದು 54. ಹಂಚಿದ್ದರಲ್ಲಿ ನೂರಕ್ಕೆ ಏಳು! ಇದನ್ನು ಓದಿ ಯೋಜನೆಯೇ ದಂಡ ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಶುರುವಾಗದೇ ಹೋದ ಅರ್ಧ ಮಾರ್ಗಗಳಲ್ಲಿ ಎಷ್ಟೋ ಕಡೆ ನಿಲ್ದಾಣವೇ ಸಿದ್ಧವಿರಲಿಲ್ಲ. ಕೋವಿಡ್ ಮಧ್ಯೆ ಬಂತು. ಆದರೆ 112ರಲ್ಲಿ 54 ಮಾತ್ರ ಉಳಿದದ್ದಕ್ಕೆ ಆ ನೆಪ ಇಲ್ಲ. ಅಲ್ಲಿ ತಪ್ಪಿದ್ದು ‘ಮೂರು ವರ್ಷ’ ಅನ್ನುವ ಲೆಕ್ಕ.

ಯಾಕೆ ಅಂದರೆ, ವಿಮಾನದಲ್ಲಿ ಓಡಾಡುವ ಅಭ್ಯಾಸ ದರದಿಂದ ಮಾತ್ರ ಬರುವುದಿಲ್ಲ. ವಿಜಯಪುರದ ವಕೀಲರೊಬ್ಬರು ಇಂದು ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಕೋರ್ಟ್ ಮುಗಿಸಿ ಮತ್ತೆ ರಾತ್ರಿ ಬಸ್ ಹತ್ತುತ್ತಾರೆ. ಹೋಟೆಲ್ ಖರ್ಚಿಲ್ಲ. ಅವರನ್ನು ವಿಮಾನಕ್ಕೆ ತರಬೇಕಾದರೆ ಬೆಳಗ್ಗೆ ಹೋಗಿ ಸಂಜೆ ಬರುವಂಥ ಸಮಯ ಬೇಕು, ಅದೂ ದಿನಾ ಬೇಕು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಒಂದಕ್ಕೆ ಹಾರುವ ವಿಮಾನ 1,500 ರೂಪಾಯಿಗೆ ಸಿಕ್ಕರೂ ಅವರಿಗೆ ಉಪಯೋಗವಿಲ್ಲ. ಆದರೆ ಬೆಳಗಿನ ಹೊತ್ತಿಗೆ ಬೆಂಗಳೂರು, ಮುಂಬೈಯಲ್ಲಿ ಇಳಿಯುವ ಸಮಯ ಸಿಗುವುದೇ ಕಷ್ಟ. ಆ ಗಳಿಗೆಯಲ್ಲಿ ದೊಡ್ಡ ವಿಮಾನಗಳ ಸಾಲು ಇರುತ್ತದೆ. ಸಣ್ಣ ಊರಿನ ವಿಮಾನಕ್ಕೆ ಮಧ್ಯಾಹ್ನವೇ ಗತಿ. ನೆರವಿನ ಚರ್ಚೆಯಲ್ಲಿ ಎಲ್ಲರೂ ದರದ ಬಗ್ಗೆ ಮಾತಾಡುತ್ತಾರೆ, ಈ ಸಮಯದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾಲ್ಕನೇ ವರ್ಷಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. ಬೀದರ್ ನೋಡಿ. 2020ರ ಫೆಬ್ರವರಿಯಲ್ಲಿ ಶುರುವಾಯಿತು, ಮಧ್ಯೆ ನಿಂತಿತು, ಮತ್ತೆ ಶುರುವಾಯಿತು, 2023ರ ಕೊನೆಗೆ ಪೂರ್ತಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಬೆಂಗಳೂರು ವಿಮಾನ ಬಂದದ್ದು ಉಡಾನ್‌ನಿಂದಲ್ಲ, ರಾಜ್ಯ ಸರ್ಕಾರವೇ ಕೊರತೆ ತುಂಬಲು ಒಪ್ಪಿದ್ದರಿಂದ. ಅದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇತ್ತು. ನಿಮ್ಮ ಪಕ್ಕದ ಸೋಲಾಪುರದಲ್ಲೂ ಅಷ್ಟೇ. 2025ರಲ್ಲಿ ಮುಂಬೈ ವಿಮಾನ ಬರಲು ಮಹಾರಾಷ್ಟ್ರ ಸರ್ಕಾರ ತನ್ನ ಕೈಯಿಂದ ಕೊಡಲು ಮುಂದೆ ಬಂತು. ಇಲ್ಲಿ ವಿಜಯಪುರಕ್ಕೆ ಎರಡು ತೊಡಕು. ಒಂದು, ಬೀದರ್‌ಗೆ ಇರುವ ಮಂಡಳಿಯ ಹಣ ವಿಜಯಪುರ, ಬಾಗಲಕೋಟೆ, ಬೆಳಗಾವಿಗೆ ಇಲ್ಲ. ನಾವು ಕಲ್ಯಾಣ ಕರ್ನಾಟಕದ ಗಡಿಯ ಈಚೆ. ಇನ್ನೊಂದು, ಸೋಲಾಪುರ ನೂರು ಕಿಲೋಮೀಟರ್. ಮುಂಬೈಗೆ ಹೋಗುವ ಇಂಡಿ, ಚಡಚಣದ ವ್ಯಾಪಾರಿ ಆ ಕಡೆಗೇ ಕಾರು ತಿರುಗಿಸಬಹುದು.

ಅಮೆರಿಕದಲ್ಲಿ 1978ರಲ್ಲಿ ಏರ್‌ಲೈನ್‌ಗಳ ಮೇಲಿನ ಹಿಡಿತ ಸಡಿಲ ಮಾಡಿದಾಗ ಸಣ್ಣ ಊರುಗಳಿಗೆ ವಿಮಾನ ತಪ್ಪದಿರಲಿ ಅಂತ ಒಂದು ನೆರವು ತಂದರು. ಹತ್ತು ವರ್ಷಕ್ಕೆ ಅಂತ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ. ಪ್ರತಿ ಸಲ ನಿಲ್ಲಿಸುವ ಮಾತು ಬರುತ್ತದೆ, ಪ್ರತಿ ಸಲ ಆ ಊರುಗಳ ಜನಪ್ರತಿನಿಧಿಗಳು ಉಳಿಸಿಕೊಳ್ಳುತ್ತಾರೆ. ಒಳ್ಳೆಯದೋ ಕೆಟ್ಟದ್ದೋ, ಅಲ್ಲಿ ಇದನ್ನು ಬಸ್ ಸೇವೆಯ ಹಾಗೆ ಸರ್ಕಾರದ ಕೆಲಸ ಅಂತ ಒಪ್ಪಿಕೊಂಡಿದ್ದಾರೆ. ನಾವಿನ್ನೂ ಮೂರು ವರ್ಷದಲ್ಲಿ ತನ್ನ ಕಾಲ ಮೇಲೆ ನಿಲ್ಲುತ್ತದೆ ಅಂತ ನಂಬಿ ಕೂತಿದ್ದೇವೆ. 2025ರ ಕೇಂದ್ರ ಬಜೆಟ್‌ನಲ್ಲಿ ಉಡಾನ್ ಬದಲಿಸಿ, ಹತ್ತು ವರ್ಷದಲ್ಲಿ 120 ಹೊಸ ಊರು, 4 ಕೋಟಿ ಪ್ರಯಾಣಿಕರು ಅಂತ ಗುರಿ ಇಟ್ಟರು. ಊರಿನ ಸಂಖ್ಯೆಗಿಂತ ನೆರವಿನ ಅವಧಿ ಬದಲಾದರೆ ಮಾತ್ರ ನನಗೆ ಅದರಲ್ಲಿ ಆಸಕ್ತಿ.

ದ್ರಾಕ್ಷಿ, ನಿಂಬೆ, ದಾಳಿಂಬೆ ವಿಮಾನದಲ್ಲಿ ಹೋಗುತ್ತದೆ, ರೈತರಿಗೆ ಲಾಭ ಅಂತಲೂ ಹೇಳುತ್ತಾರೆ. ಇದನ್ನು ಸ್ವಲ್ಪ ಕಡಿಮೆ ನಂಬಿ. ಒಣದ್ರಾಕ್ಷಿಗೆ ವಿಮಾನದ ಅವಸರ ಇಲ್ಲ. ರಫ್ತಾಗುವ ಹಸಿ ದ್ರಾಕ್ಷಿ ಹೋಗುವುದು ಹೆಚ್ಚಾಗಿ ತಂಪು ಕಂಟೇನರ್‌ನಲ್ಲಿ, ಸಮುದ್ರದ ದಾರಿಯಲ್ಲಿ. ಎಟಿಆರ್‌ ಹೊಟ್ಟೆಯಲ್ಲಿ ಪ್ರಯಾಣಿಕರ ಬ್ಯಾಗ್ ಹಾಕಿದ ಮೇಲೆ ಜಾಗ ಎಷ್ಟು ಉಳಿಯುತ್ತದೆ? ರೈತರಿಗೆ ನಿಲ್ದಾಣಕ್ಕಿಂತ ಊರ ಹತ್ತಿರ ಶೀತಲ ಗೋದಾಮು ಬೇಗ ಉಪಯೋಗಕ್ಕೆ ಬರುತ್ತದೆ.

ಬಾಗಲಕೋಟೆಗೆ ಬೇರೆ ನಿಲ್ದಾಣ ಬೇಡ ಅಂತ ನನ್ನ ನೇರ ಅಭಿಪ್ರಾಯ. ಬೈದುಕೊಳ್ಳಬೇಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಪ್ರವಾಸಿಗರು ಬರುತ್ತಾರೆ, ಪಟ್ಟದಕಲ್ಲು 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಆದರೆ ಅವರು ಹುಬ್ಬಳ್ಳಿಯಲ್ಲಿ ಇಳಿದು ಕಾರು ಮಾಡಿಕೊಂಡು ಬರುತ್ತಾರೆ. ನಾಳೆ ವಿಜಯಪುರದಲ್ಲಿ ಇಳಿದು ಗೋಳಗುಮ್ಮಟ ನೋಡಿ ಕೊಲ್ಹಾರ ಸೇತುವೆ ದಾಟಿ ಬರಬಹುದು. ಒಂದೇ ಜನರನ್ನು ಮೂರು ನಿಲ್ದಾಣ ಹಂಚಿಕೊಂಡರೆ ಮೂರೂ ಸೊರಗುತ್ತವೆ. ಬೆಳಗಾವಿ–ಹುಬ್ಬಳ್ಳಿ ಜಗಳದಲ್ಲಿ ನೋಡಿದ್ದು ಅದನ್ನೇ ಅಲ್ವಾ? ಬಾಗಲಕೋಟೆಯವರು ಕೇಳಬೇಕಾದದ್ದು ವಿಮಾನದ ಸಮಯಕ್ಕೆ ಹೊಂದುವ ಬಸ್. ವಿಮಾನ ಇಳಿದ ಅರ್ಧ ಗಂಟೆಗೆ ನಿಲ್ದಾಣದಿಂದ ಹೊರಟು ನವನಗರ ಮುಟ್ಟುವ ಒಂದು ಬಸ್ಸಿನ ಖರ್ಚು ನಿಲ್ದಾಣದ ಖರ್ಚಿನ ಮುಂದೆ ಏನೂ ಅಲ್ಲ.

ಈಗ ನಿಮ್ಮ ಲಾಡ್ಜ್. ಜಾಗ ಹೇಗೂ ನಿಮ್ಮದೇ ಇದೆ, ಮಾರಬೇಡಿ. ಆದರೆ ಸಾಲ ಮಾಡಿ ಕಟ್ಟುವುದಾದರೆ ಸ್ವಲ್ಪ ತಡೆಯಿರಿ. ದಿನಕ್ಕೆ ಒಂದು ಸಣ್ಣ ವಿಮಾನ ಬಂದರೆ ಇಳಿಯುವವರು ಹೆಚ್ಚೆಂದರೆ ಎಪ್ಪತ್ತು ಜನ. ಅವರಲ್ಲಿ ಅರ್ಧಕ್ಕರ್ಧ ಊರಿನವರೇ, ಮನೆಗೆ ಹೋಗುತ್ತಾರೆ. ಉಳಿದವರಿಗೆ ನಗರದಲ್ಲೇ ರೂಮು ಬೇಕು, ಕೆಲಸ ಅಲ್ಲಿರುತ್ತದೆ. ನಿಲ್ದಾಣದ ಬದಿಗೆ ಮೊದಲು ನಡೆಯುವ ವ್ಯಾಪಾರ ಅಂದರೆ ಕಾರು ಬಾಡಿಗೆ, ಕಾರು ನಿಲ್ಲಿಸುವ ಜಾಗ, ಖಾನಾವಳಿ. ಒಂದು ಶೆಡ್ ಹಾಕಿ ಜೋಳದ ರೊಟ್ಟಿ ಊಟದಿಂದ ಶುರು ಮಾಡಿದರೆ ಸಿಬ್ಬಂದಿ, ಪೊಲೀಸರು, ಡ್ರೈವರ್‌ಗಳೇ ನಿಮ್ಮ ಗಿರಾಕಿಗಳು. ವಿಮಾನ ಬರಲಿ ಬಿಡಲಿ, ಅವರು ದಿನಾ ಊಟ ಮಾಡುತ್ತಾರೆ.

ಲಾಡ್ಜ್ ಬಗ್ಗೆ ತೀರ್ಮಾನ ಮಾಡುವ ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ ಕಳಿಸಿ. ಮೂರು ಸಂಗತಿ ಕೇಳಿ: ನಿಲ್ದಾಣವನ್ನು ನಡೆಸುವವರು ಯಾರು, ವರ್ಷದ ಖರ್ಚಿಗೆ ಯಾವ ಲೆಕ್ಕದಲ್ಲಿ ಹಣ ಇಟ್ಟಿದ್ದಾರೆ, ಯಾವ ಏರ್‌ಲೈನ್‌ಗೆ ಯಾವ ಮಾರ್ಗ ಎಷ್ಟು ವರ್ಷಕ್ಕೆ ಕೊಟ್ಟಿದ್ದಾರೆ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಅದರಲ್ಲಿ ಎರಡನೇ ಪ್ರಶ್ನೆಯ ಉತ್ತರ ಖಾಲಿ ಬಂದರೆ ಖಾನಾವಳಿಯಲ್ಲೇ ಇರಿ.